ಸಮುದ್ರ ಅಕ್ವೇರಿಯಂಗೆ ಕೊಟ್ಟ ಆರ್‌ಓ ಯಂತ್ರದ ಬಗ್ಗೆ ದೂರು

ದಿನಾಂಕ: 12-08-2025
ನಾಪೋಕ್ಲು, ಕೊಡಗು ಜಿಲ್ಲೆ

ಗೆ,
ವ್ಯವಸ್ಥಾಪಕರು,
ಗ್ರಾಹಕ ಸೇವಾ ವಿಭಾಗ,
ಬೆಂಗಳೂರು

ವಿಷಯ: ಡಿಐ ಹಂತ (ನೀರಿನಲ್ಲಿ ಉಳಿದ ಲವಣಗಳನ್ನು ರೆಸಿನ್‌ನಿಂದ ತೆಗೆಯುವ ಕೊನೆಯ ಹಂತ) ಇಲ್ಲದ ಆರ್‌ಓ ನೀರು ಶುದ್ಧೀಕರಣ ಯಂತ್ರ ಕೊಟ್ಟಿದ್ದರಿಂದ ನಮ್ಮ ರೀಫ್ ಟ್ಯಾಂಕಿನಲ್ಲಿ (ಹವಳ ಸಾಕುವ ಉಪ್ಪುನೀರಿನ ತೊಟ್ಟಿಯಲ್ಲಿ) ಎಂಟು ತಿಂಗಳಿಂದ ಪಾಚಿ ಹೋಗದಿರುವ ಕುರಿತು.

ಮಾನ್ಯರೇ,

ಕಳೆದ ಅಕ್ಟೋಬರ್‌ನಲ್ಲಿ ನಿಮ್ಮ ಸಂಸ್ಥೆಯವರು ನಮ್ಮ ಮನೆಗೆ ಬಂದು ನಾಲ್ಕು ಅಡಿಯ ಉಪ್ಪುನೀರಿನ ಟ್ಯಾಂಕ್ ಕೂರಿಸಿ ಹೋದರು. ದೀಪ, ಗಾಳಿಗುಳ್ಳೆಗಳಿಂದ ನೀರಿನ ಕೊಳೆ ತೆಗೆಯುವ ಸ್ಕಿಮ್ಮರ್, ಕಲ್ಲು, ಉಪ್ಪು, ಆರ್‌ಓ ಯಂತ್ರ ಎಲ್ಲ ಸೇರಿ 1,85,000 ರೂಪಾಯಿ ಕೊಟ್ಟಿದ್ದೇವೆ. ಅಪ್ಪ ಇಪ್ಪತ್ತೆರಡು ವರ್ಷ ನೌಕಾಪಡೆಯಲ್ಲಿದ್ದವರು. ಈಗ ಮಂಡಿನೋವಿನಿಂದ ತೋಟಕ್ಕೂ ಇಳಿಯುವುದಿಲ್ಲ. ಅವರ ಕಣ್ಣೆದುರಿಗೆ ಒಂದಿಷ್ಟು ಸಮುದ್ರ ಇರಲಿ ಎಂದೇ ಈ ಟ್ಯಾಂಕ್ ಮಾಡಿಸಿದೆ. ಗಟ್ಟಿ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಯಲ್ಲಿರುವುದರಿಂದ ಅವನ್ನು ಕೇಳಲೇ ಇಲ್ಲ. ಹೂವಿನಂತೆ ಅರಳುವ ಜೊವಾಂತಿಡ್, ಮಶ್ರೂಮ್ ಎಂಬಂಥ ಮೆತ್ತನೆಯ ಹವಳಜಾತಿಯ ಜೀವಿಗಳು, ಒಂದು ಜೋಡಿ ಕ್ಲೌನ್ ಮೀನು, ಒಂದು ಕ್ಲೀನರ್ ಸಿಗಡಿ, ಇಷ್ಟೇ ನಮ್ಮ ಸಂಸಾರ.

ಮೊದಲ ಎರಡು ತಿಂಗಳು ಮರಳಿನ ಮೇಲೆ ಕಂದು ಪುಡಿಯಂಥ ಪಾಚಿ ಬಂತು. ಹೊಸ ಟ್ಯಾಂಕಿಗೆ ಅದು ಸಹಜವೆಂದು ಗೊತ್ತಿತ್ತು, ಸುಮ್ಮನಿದ್ದೆ. ಡಿಸೆಂಬರ್‌ನಿಂದ ಕಲ್ಲುಗಳ ಮೇಲೆ ಹಸಿರು ಕೂದಲು ಪಾಚಿ ಶುರುವಾಯಿತು. ಪ್ರತಿ ಭಾನುವಾರ ಹಳೆಯ ಹಲ್ಲುಜ್ಜುವ ಬ್ರಷ್ ಹಿಡಿದು ಕೂರುತ್ತೇನೆ. ಬ್ರಷ್ಷಿಗೆ ಪಾಚಿ ಸುತ್ತಿ ಎಳೆದು, ಸಣ್ಣ ಪೈಪಿನಲ್ಲಿ ಬಕೆಟ್ಟಿಗೆ ಬಿಡಬೇಕು. ಬೆರಳುದ್ದದ ಎಳೆಗಳು, ಕೊಳೆತ ಹುಲ್ಲಿನ ವಾಸನೆ. ಅದರ ಅಡಿಯಲ್ಲಿ ಜೊವಾಂತಿಡ್ ಮೊಗ್ಗುಗಳು ಬಾಯಿ ಮುಚ್ಚಿಕೊಂಡು ಇರುತ್ತವೆ. ಅಪ್ಪ ಬೆಳಿಗ್ಗೆ ಕಾಫಿ ಹಿಡಿದು ಎಷ್ಟು ಅರಳಿವೆ ಎಂದು ಎಣಿಸುತ್ತಿದ್ದರು. ಮಾರ್ಚ್ ಹೊತ್ತಿಗೆ ಎಣಿಸುವುದನ್ನೇ ಬಿಟ್ಟರು.

ನಿಮಗೆ ಆರು ಸಲ ಫೋನ್ ಮಾಡಿದ್ದೇನೆ. ದೀಪ ಕಡಿಮೆ ಮಾಡಿ ಎಂದಿರಿ, ದಿನಕ್ಕೆ ಹತ್ತು ಗಂಟೆ ಉರಿಯುತ್ತಿದ್ದುದನ್ನು ಏಳು ಗಂಟೆಗೆ ಇಳಿಸಿದೆ. ಊಟ ಕಡಿಮೆ ಮಾಡಿ ಎಂದಿರಿ, ದಿನ ಬಿಟ್ಟು ದಿನ ಹಾಕಿದೆ. ನೀರು ಬದಲಿಸಿ ಎಂದಿರಿ, ವಾರಕ್ಕೆ ಮೂವತ್ತು ಲೀಟರ್ ಬದಲಿಸಿದೆ. ಪಾಚಿಗೆ ಆಹಾರವಾಗುವ ಫಾಸ್ಫೇಟ್ ಸೊನ್ನೆ ತೋರಿಸುತ್ತಿದೆ, ಆದ್ದರಿಂದ ನೀರಿನ ತಪ್ಪಲ್ಲ ಎಂದು ನಿಮ್ಮ ಸರ್ವೀಸ್ ಹುಡುಗ ಹೇಳಿದ. ಅಷ್ಟೊಂದು ಪಾಚಿ ಬೆಳೆದಿರುವ ಟ್ಯಾಂಕಿನಲ್ಲಿ ಬಂದ ಫಾಸ್ಫೇಟನ್ನು ಪಾಚಿಯೇ ಹೀರಿಕೊಳ್ಳುವುದರಿಂದ ಟೆಸ್ಟಿನಲ್ಲಿ ಸೊನ್ನೆ ಬರಬಹುದು. ಇದು ಈ ಕೆಲಸ ಮಾಡುವವರಿಗೆ ತಿಳಿದಿರಬೇಕಾದ ವಿಷಯ.

ಆಮೇಲೆ ಪಾಚಿನಾಶಕದ ಬಾಟಲಿಗಳನ್ನು ಕಳಿಸಿದಿರಿ, ಒಂದರ ಹಿಂದೆ ಒಂದರಂತೆ ನಾಲ್ಕು. ಒಳಗೆ ಏನಿದೆ ಎಂದು ಲೇಬಲ್ಲಿನಲ್ಲಿ ಬರೆದಿಲ್ಲ. ಔಷಧಿ ಹಾಕಿದಾಗ ಸ್ಕಿಮ್ಮರ್ ನಿಲ್ಲಿಸಿ ಎಂದಿರಿ. ಸತ್ತ ಪಾಚಿ ಕೊಳೆಯುವಾಗ ನೀರಿನ ಆಮ್ಲಜನಕ ಕುಸಿಯುತ್ತದೆ, ಏರ್ ಪಂಪ್ ಹಾಕಿಡಿ ಎಂದು ಒಬ್ಬರೂ ಹೇಳಲಿಲ್ಲ. ಎರಡನೇ ದಿನ ಬೆಳಿಗ್ಗೆ ಕ್ಲೀನರ್ ಸಿಗಡಿ ಮರಳಿನ ಮೇಲೆ ಬಿದ್ದಿತ್ತು. ಮೂರು ವಾರದಲ್ಲಿ ಪಾಚಿ ಮೊದಲಿನಷ್ಟೇ ಬಂತು.

ಮೇ ತಿಂಗಳಲ್ಲಿ ಬೇಸತ್ತು ನೀರಿನಲ್ಲಿ ಕರಗಿದ ಲವಣಗಳನ್ನು ಅಳೆಯುವ ಒಂದು ಟಿಡಿಎಸ್ ಮೀಟರ್ ತರಿಸಿದೆ. ನಮ್ಮ ಬಾವಿ ನೀರು 140 ಪಿಪಿಎಂ (ಹತ್ತು ಲಕ್ಷ ಭಾಗ ನೀರಿನಲ್ಲಿ 140 ಭಾಗ). ನಿಮ್ಮ ಯಂತ್ರದಿಂದ ಬರುವ ನೀರು 62. ರೀಫ್ ಟ್ಯಾಂಕಿಗೆ ಬಳಸುವ ನೀರು, ಉಪ್ಪು ಹಾಕುವ ಮೊದಲು, ಸೊನ್ನೆ ಇರಬೇಕು. ಅದೇ ನೀರಿಗೆ, ಇನ್ನೂ ಉಪ್ಪು ಸಹ ಹಾಕದೆ, ಪಾಚಿಗೆ ಗೊಬ್ಬರವಾಗುವ ನೈಟ್ರೇಟ್‌ನ ಟೆಸ್ಟ್ ಮಾಡಿದೆ: 10 ಪಿಪಿಎಂ. ಬಾವಿ ತೋಟದ ಕೆಳಬದಿಯಲ್ಲಿದೆ. ಕಾಫಿ ಹೂ ಅರಳಿಸುವ ಹೂಮಳೆ ಆದ ಮೇಲೆ ತೋಟಕ್ಕೆ ಗೊಬ್ಬರ ಬೀಳುತ್ತದೆ, ಮಳೆಯ ಜೊತೆ ನೈಟ್ರೇಟ್ ಇಳಿಯುತ್ತದೆ. ಟ್ಯಾಂಕ್ ಕೂರಿಸುವ ದಿನವೇ ಬಾವಿ ಎಲ್ಲಿದೆ ಎಂದು ನಿಮ್ಮವರಿಗೆ ತೋರಿಸಿದ್ದೆ.

ಕುಶಾಲನಗರದಿಂದ ಫಿಲ್ಟರ್ ರಿಪೇರಿಯವರನ್ನು ಕರೆಸಿದೆ. ಅವರು ಮುಚ್ಚಳ ತೆಗೆದು ಐದು ನಿಮಿಷದಲ್ಲಿ ತೋರಿಸಿದರು. ಬಿಲ್ಲಿನಲ್ಲಿ ‘ಆರ್‌ಓ-ಡಿಐ, ನಾಲ್ಕು ಹಂತ’ ಎಂದಿದೆ, ಅದಕ್ಕೇ 14,500 ರೂಪಾಯಿ. ಒಳಗಿದ್ದದ್ದು ಮನೆಯಲ್ಲಿ ಕುಡಿಯುವ ನೀರಿಗೆ ಹಾಕುವ ಯಂತ್ರ. ನಾಲ್ಕನೇ ಹಂತದಲ್ಲಿ ಡಿಐ ರೆಸಿನ್ ಬದಲು ಖನಿಜ ಸೇರಿಸುವ ಕಾರ್ಟ್ರಿಜ್. ಜೊತೆಗೆ ಟಿಡಿಎಸ್ ಕಂಟ್ರೋಲರ್ ಎಂಬ ಸಣ್ಣ ತಿರುಪು. ರುಚಿಗಾಗಿ ಮೆಂಬ್ರೇನ್ ಎಂಬ ಸೋಸುವ ಪೊರೆಯನ್ನು ದಾಟದ ನೀರನ್ನು ಅದು ಮತ್ತೆ ಬೆರೆಸುತ್ತದೆ. ತಿರುಪು ಅರ್ಧ ತೆರೆದಿತ್ತು. ಕುಡಿಯುವವರಿಗೆ ಒಳ್ಳೆಯದೇ ಇರಬಹುದು, ನಮ್ಮ ಟ್ಯಾಂಕಿಗೆ ಅದು ಎಂಟು ತಿಂಗಳ ಗೊಬ್ಬರ.

ಆವಿಯಾಗಿ ಹೋಗುವುದು ನೀರು ಮಾತ್ರ, ಕರಗಿದ್ದೆಲ್ಲ ಟ್ಯಾಂಕಿನಲ್ಲೇ ಉಳಿಯುತ್ತದೆ. ದಿನಕ್ಕೆ ಮೂರು ಲೀಟರ್ ತುಂಬಿಸುವಾಗಲೂ, ವಾರಕ್ಕೊಮ್ಮೆ ನೀರು ಬದಲಿಸುವಾಗಲೂ ನಾನೇ ನನ್ನ ಕೈಯಾರೆ ನೈಟ್ರೇಟ್ ಸುರಿಯುತ್ತಿದ್ದೆ. ಒಣ ಹವೆಯ ಫೆಬ್ರುವರಿ, ಮಾರ್ಚ್‌ನಲ್ಲಿ ಪಾಚಿ ಹೆಚ್ಚಾಗಿದ್ದಕ್ಕೆ ಕಾರಣ ಇದೇ. ಕರೆಂಟ್ ಹೋಗಿ ಹೀಗಾಗಿದೆ ಎಂದು ನಿಮ್ಮವರು ಹೇಳಿದ್ದರು. ಮಳೆಗಾಲದಲ್ಲಿ ಇಲ್ಲಿ ಎರಡು ದಿನ ಕರೆಂಟ್ ಇಲ್ಲದಿರುವುದು ನಿಜ. ಆದರೆ ಪಾಚಿ ಬಂದದ್ದು ಮಳೆಗೆ ಆರು ತಿಂಗಳು ಮೊದಲು.

ತಿರುಪು ಮುಚ್ಚಿಸಿ, ಸ್ವಂತ ದುಡ್ಡಿನಲ್ಲಿ ಡಿಐ ಕಾರ್ಟ್ರಿಜ್ ಹಾಕಿಸಿದೆ. ಮೀಟರ್ ಈಗ ಸೊನ್ನೆ ತೋರಿಸುತ್ತದೆ. ಟ್ಯಾಂಕಿನ ನೈಟ್ರೇಟ್ 40ರಿಂದ 10ಕ್ಕೆ ಇಳಿದಿದೆ. ದಿನಾ ಒರೆಸಬೇಕಿದ್ದ ಗಾಜನ್ನು ನಾಲ್ಕು ದಿನಕ್ಕೊಮ್ಮೆ ಒರೆಸುತ್ತಿದ್ದೇನೆ. ಕಲ್ಲಿನ ಮೇಲಿನ ಹಳೆಯ ಪಾಚಿ ಪೂರ್ತಿ ಹೋಗಿಲ್ಲ, ತೆಳ್ಳಗಾಗಿದೆ.

ಆದ್ದರಿಂದ ಬಿಲ್ಲಿನಲ್ಲಿ ಬರೆದಂತಹ ಆರ್‌ಓ-ಡಿಐ ಯಂತ್ರವನ್ನೇ ಕೊಡಿ, ಇಲ್ಲವೇ 14,500 ರೂಪಾಯಿ ಹಿಂದಿರುಗಿಸಿ. ನಾಲ್ಕು ಬಾಟಲಿಗಳ ಮತ್ತು ನಾನು ಹಾಕಿಸಿದ ಕಾರ್ಟ್ರಿಜ್‌ನ ಹಣವನ್ನೂ ಕೊಡಬೇಕು. ಸಿಗಡಿಗೆ ನಾನು ಬೆಲೆ ಕಟ್ಟುವುದಿಲ್ಲ. ಆದರೆ ಇದೇ ಯಂತ್ರವನ್ನು ಬೇರೆ ಯಾರಿಗೆ ಮಾರಿದ್ದೀರೋ ಅವರಿಗೆಲ್ಲ ಫೋನ್ ಮಾಡಿ ಆ ತಿರುಪಿನ ವಿಷಯ ತಿಳಿಸಲೇಬೇಕು. ಅವರೂ ನನ್ನ ಹಾಗೆ ಬ್ರಷ್ ಹಿಡಿದು ಕೂತಿರಬಹುದು.

ಹದಿನೈದು ದಿನದೊಳಗೆ ಬರಹದಲ್ಲಿ ಉತ್ತರ ಬಾರದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಮಡಿಕೇರಿಯ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡುತ್ತೇನೆ. ಗ್ರಾಹಕರು ತಾವಿರುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಲು ಆ ಕಾಯ್ದೆಯಲ್ಲಿ ಅವಕಾಶವಿದೆ. ಬಿಲ್ಲಿನ ಪ್ರತಿ, ಯಂತ್ರದ ಒಳಗಿನ ಫೋಟೊಗಳು, ಮೀಟರ್ ತೋರಿಸಿದ ಅಂಕಿಗಳ ಫೋಟೊಗಳನ್ನು ಇದರೊಂದಿಗೆ ಇಟ್ಟಿದ್ದೇನೆ. ನಾಲ್ಕನೇ ಬಾಟಲಿಯ ಸೀಲ್ ಒಡೆದಿಲ್ಲ. ನಿಮ್ಮವರು ಬಂದಾಗ ಕೊಟ್ಟು ಕಳಿಸುತ್ತೇನೆ.

ಇತಿ,
ತಮ್ಮ ಗ್ರಾಹಕಿ
(ಸಹಿ)