ನಿಧಾನವಾದರೆ ಆಗಲಿ, ಪುಟ್ಟ

ಚಿರಂಜೀವಿ ಪುಟ್ಟನಿಗೆ ಅತ್ತೆಯ ಆಶೀರ್ವಾದಗಳು.

ನಿನ್ನೆ ರಾತ್ರಿ ನಿನ್ನ ಅಮ್ಮ ಫೋನ್ ಮಾಡಿದ್ದಳು. ಪುಸ್ತಕ ಮುಚ್ಚಿಟ್ಟು "ನನ್ನ ತಲೆ ಇನ್ನು ಓಡಲ್ಲ" ಅಂದೆಯಂತೆ. ಕೇಳಿ ನನಗೆ ನಿದ್ದೆ ಬರಲಿಲ್ಲ. ಇದೇ ಮಾತನ್ನು ನಾನೂ ಒಮ್ಮೆ ಆಡಿದ್ದೆ.

1994ರಲ್ಲಿ, ನೀನು ಹುಟ್ಟುವ ಎಷ್ಟೋ ಮೊದಲು, ಈಗ ನಿನಗೆ ಆದ ಹಾಗೆ ನನಗೂ ಮೆನಿಂಜೈಟಿಸ್, ಅಂದರೆ ಮಿದುಳಿನ ಪೊರೆಯ ಸೋಂಕು, ಆಗಿತ್ತು. ಮನೆಯಲ್ಲಿ ಎಲ್ಲರೂ ಮೆದುಳು ಜ್ವರ ಅನ್ನುತ್ತಿದ್ದರು. ಬೆನ್ನಿನಿಂದ ನೀರು ತೆಗೆದು ನೋಡಿ, ಎರಡು ವಾರ ಇಂಜೆಕ್ಷನ್ ಕೊಟ್ಟು ಕಳಿಸಿದರು. ತಲೆನೋವು ಹೋಯಿತು, ಸೆಟೆದಿದ್ದ ಕತ್ತು ಬಗ್ಗಿತು, ಊಟ ಸೇರಿತು. ವಾಸಿಯಾಯಿತು ಅಂತ ಎಲ್ಲರೂ ಅಂದರು. ನಾನೂ ನಂಬಿದೆ.

ಆಗ ಸಾಗರದ ಹತ್ತಿರ ಒಂದು ಸೊಸೈಟಿಯಲ್ಲಿ ಅಡಿಕೆ ಲೆಕ್ಕ ಬರೆಯುತ್ತಿದ್ದೆ. ಇಡೀ ಪುಟವನ್ನು ಬಾಯಲ್ಲೇ ಕೂಡಿಸುತ್ತಿದ್ದವಳು, ಕೆಲಸಕ್ಕೆ ಮರಳಿದ ಮೇಲೆ ನಾಲ್ಕನೇ ಸಾಲಿಗೆ ದಶಕ ಮರೆಯುತ್ತಿದ್ದೆ. ಪಕ್ಕದಲ್ಲಿ ಯಾರಾದರೂ ಮಾತಾಡಿದರೆ ಮುಗಿಯಿತು, ಮತ್ತೆ ಮೊದಲಿನಿಂದ. ಮಧ್ಯಾಹ್ನ ಮೂರು ಗಂಟೆಗೆಲ್ಲ ತಲೆ ಭಾರ. ಮೇಲಿನವರು ಸೋಮಾರಿ ಅಂದರು. ಏಳು ವರ್ಷ ನಾನೂ ನನ್ನನ್ನು ಹಾಗೇ ಬೈದುಕೊಂಡೆ. ಆ ಏಳು ವರ್ಷ ನಿನಗೆ ಬೇಡ ಅಂತಲೇ ಈ ಕಾಗದ.

ಕೊನೆಗೆ ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋದೆ. ಅಲ್ಲಿ ಬುದ್ಧಿಯ ಒಂದೊಂದು ಕೆಲಸವನ್ನೂ ಬೇರೆಬೇರೆಯಾಗಿ ಪರೀಕ್ಷೆ ಮಾಡುತ್ತಾರೆ. ಅಂಕಿಗಳನ್ನು ಹಿಂದಿನಿಂದ ಹೇಳಿಸಿದರು. 'ಕ' ಅಕ್ಷರದಿಂದ ಶುರುವಾಗುವ ಪದಗಳನ್ನು ಒಂದು ನಿಮಿಷ ಹೇಳಿ ಅಂದರು, ಹೆಸರುಗಳು ಲೆಕ್ಕಕ್ಕಿಲ್ಲ. ಕಲಿತದ್ದು ಯಾವುದೂ ಹೋಗಿರಲಿಲ್ಲ. ವೇಗ ಕಡಿಮೆಯಾಗಿತ್ತು, ಎರಡು ಕಡೆ ಒಟ್ಟಿಗೆ ಗಮನ ಇಡೋದು ಕಷ್ಟವಾಗಿತ್ತು. ಅಷ್ಟು ತಿಳಿದು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ.

ಆಂಟಿಬಯೋಟಿಕ್ ರೋಗಾಣುವನ್ನು ಕೊಲ್ಲುತ್ತದೆ, ಪುಟ್ಟ. ಆದರೆ ಅಷ್ಟರೊಳಗೆ ಮಿದುಳಿನ ಪೊರೆ ಉರಿದು ಬಾತಿರುತ್ತದೆ, ಅಲ್ಲಲ್ಲಿ ರಕ್ತ ಸರಿಯಾಗಿ ಹರಿದಿರುವುದಿಲ್ಲ. ಆ ಗಾಯ ಹೊರಗೆ ಕಾಣುವುದಿಲ್ಲ. ಬ್ಯಾಕ್ಟೀರಿಯಾದ ಮೆನಿಂಜೈಟಿಸ್‌ನಿಂದ ಬದುಕಿದ ಐವರಲ್ಲಿ ಒಬ್ಬರಿಗೆ ಏನಾದರೊಂದು ತೊಂದರೆ ಉಳಿಯುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ನೆದರ್ಲೆಂಡ್ಸ್‌ನಲ್ಲಿ ಹೀಗೆ ಬದುಕಿದ ದೊಡ್ಡವರ ಬುದ್ಧಿಶಕ್ತಿಯನ್ನು ಪರೀಕ್ಷಿಸಿದಾಗ, ಸುಮಾರು ಮೂವರಲ್ಲಿ ಒಬ್ಬರಿಗೆ ಕೊರತೆ ಕಂಡಿತು. ಮುಖ್ಯವಾಗಿ ಕಂಡದ್ದು ಈ ನಿಧಾನವೇ. ಕೆಲವರಿಗೆ ತಿಂಗಳು ಕಳೆದಂತೆ ಸುಧಾರಿಸುತ್ತದೆ. ನನಗೆ ಉಳಿಯಿತು, ಆದರೆ ಜಾಸ್ತಿಯಾಗಲಿಲ್ಲ.

ಈಗ ನಿನ್ನ ವಿಷಯ. ಮೊದಲು ಕಿವಿ. ಆಸ್ಪತ್ರೆಯಿಂದ ಬಂದು ಎರಡು ತಿಂಗಳಾಯಿತು, ಇನ್ನೂ ಕಿವಿ ಪರೀಕ್ಷೆ ಆಗಿಲ್ಲ ಅಂದಳು ಅಮ್ಮ. ನನಗೆ ಗಾಬರಿಯಾಯಿತು. ಈ ಕಾಯಿಲೆ ಒಳಕಿವಿಯನ್ನು ಹಿಡಿಯುತ್ತದೆ. ಕೆಲವರಿಗೆ ಅಲ್ಲಿ ಬೇಗ ಮೂಳೆ ಬೆಳೆದು, ಆಮೇಲೆ ಕಾಕ್ಲಿಯರ್ ಇಂಪ್ಲಾಂಟ್, ಅಂದರೆ ಆಪರೇಷನ್ ಮಾಡಿ ಒಳಕಿವಿಯಲ್ಲಿ ಕೂರಿಸುವ ಕೇಳಿಸುವ ಸಾಧನ, ಹಾಕೋದೇ ಕಷ್ಟವಾಗುತ್ತದೆ. ಅರ್ಧಂಬರ್ಧ ಕೇಳುವ ಹುಡುಗನನ್ನು ಜನ ಮಂಕು ಅಂದುಬಿಡುತ್ತಾರೆ, ಅಲ್ವಾ? ನೀನಿರುವುದು ಮೈಸೂರಿನಲ್ಲೇ. ಮಾನಸಗಂಗೋತ್ರಿಯ ಸ್ಪೀಚ್ ಅಂಡ್ ಹಿಯರಿಂಗ್ ಸಂಸ್ಥೆಗೆ ಈ ವಾರವೇ ಹೋಗು.

ಆಮೇಲೆ ನಿಮ್ಹಾನ್ಸ್. ಅಲ್ಲಿನ ವರದಿ ಕೈಯಲ್ಲಿದ್ದರೆ ಕಾಲೇಜಿನಲ್ಲಿ ಮಾತಾಡೋದು ಸುಲಭ. ಪರೀಕ್ಷೆಗೆ ಹೆಚ್ಚು ಸಮಯ ಕೇಳು, ನಾಚಿಕೆ ಬೇಡ.

ಓದೋದು ಬೆಳಿಗ್ಗೆ ಇಟ್ಟುಕೋ, ತಲೆ ತಾಜಾ ಇರುವಾಗ. ಮೊಬೈಲ್ ಬೇರೆ ರೂಮಿನಲ್ಲಿರಲಿ. ಒಂದು ಲೆಕ್ಕ ಮುಗಿಯದೆ ಇನ್ನೊಂದು ಮುಟ್ಟಬೇಡ. ದಶಕವನ್ನು ನಾನು ಈಗಲೂ ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ಬರೆಯುತ್ತೇನೆ. ಹಾಗೆ ಬರೆದುಕೊಂಡೇ ನಿವೃತ್ತಿಯವರೆಗೆ ಆ ಲೆಕ್ಕ ನೋಡಿದೆ. ನಿದ್ದೆ ಕೆಡಿಸಬೇಡ. ಫಿಟ್ಸ್ ತರಹ ಏನಾದರೂ ಬಂದರೆ ಮಾತ್ರ ತಡ ಮಾಡದೆ ಆಸ್ಪತ್ರೆಗೆ ಹೋಗಬೇಕು.

ರೂಮಿನ ಹುಡುಗರಿಗೆ ಇದನ್ನೆಲ್ಲ ಹೇಳಿಬಿಡು. ನಿಮ್ಮಪ್ಪನಿಗೆ ನಾನೇ ಹೇಳುತ್ತೇನೆ. ಅವನು ಬೈಯುವುದು ಹೆದರಿಕೆಯಿಂದ, ನನ್ನ ತಮ್ಮ ಅವನು, ನನಗೆ ಗೊತ್ತು.

ನಿಮ್ಹಾನ್ಸ್‌ಗೆ ಹೋಗುವ ದಿನ ನಾನೂ ಬರುತ್ತೇನೆ, ರಾತ್ರಿ ರೈಲು ಹತ್ತಿದರೆ ಆಯಿತು. ಡಿಸ್ಚಾರ್ಜ್ ಸಮ್ಮರಿ ಮತ್ತು ಸ್ಕ್ಯಾನ್ ಒಂದೇ ಫೈಲಿನಲ್ಲಿ ಹಾಕಿಟ್ಟುಕೋ. ಕಿವಿ ಪರೀಕ್ಷೆ ಮುಗಿದ ಕೂಡಲೇ ನನಗೆ ಫೋನ್ ಮಾಡು.

ನಿನ್ನ ಅತ್ತೆ