ಸೈಟೇಷನ್ ಮುಗಿದ ಮೇಲಿನ ರಾತ್ರಿ

ಸೇನೆಯಿಂದ ನಿವೃತ್ತಿಯಾಗಿ ಊರಿಗೆ ಬಂದ ದಿನ ನೀವೆಲ್ಲ ಸೇರಿ ಮಾಡಿದ ಮೆರವಣಿಗೆಯ ಸುಸ್ತು ಇನ್ನೂ ಇಳಿದಿಲ್ಲ. ಜೀಪು ಕೊಟ್ಟವರು, ಡೊಳ್ಳಿನ ಮೇಳದವರು, ನಸುಕಿನಲ್ಲೇ ಎದ್ದು ಸಿರಾ-ಉಪ್ಪಿಟ್ಟು ಮಾಡಿದ ಅಕ್ಕಂದಿರು, ಪಂಚಾಯಿತಿಯವರು, ಸಾಲೆಯ ಮಕ್ಕಳು, ಬೆಂಗಳೂರು-ದುಬೈನಿಂದ ಫೋನ್ ಮಾಡಿದ ಗೆಳೆಯರು, ಎಲ್ಲರಿಗೂ ಕೈಮುಗಿದು ಥ್ಯಾಂಕ್ಸ್. ಒಬ್ಬೊಬ್ಬರ ಹೆಸರು ಬರೆಯಲು ಹೋದರೆ ಯಾರದೋ ಒಬ್ಬರದು ಬಿಟ್ಟುಹೋಗುತ್ತದೆ, ಆಮೇಲೆ ಕಟ್ಟೆ ಮೇಲೆ ಕೂತಾಗ ಬೈಸಿಕೊಳ್ಳಬೇಕು. ಅವ್ವನಿಗೂ ಹೆಂಡತಿಗೂ ಇಲ್ಲಿ ಥ್ಯಾಂಕ್ಸ್ ಹೇಳುವುದಿಲ್ಲ. ಅವರ ಲೆಕ್ಕ ಮನೆಯಲ್ಲೇ ತೀರಿಸುವಂಥದ್ದು.

ಅವತ್ತು ಗುಡಿ ಮುಂದೆ ಚಹಾ ಕುಡಿಯುವಾಗ, ಭರ್ತಿಗೆ ತಯಾರಿ ನಡೆಸಿರುವ ಹುಡುಗನೊಬ್ಬ ಕೇಳಿದ: "ಕಾಕಾ, ಈ ಮೆಡಲು ಖರೇನ ಯೋಗ್ಯತೆ ಇದ್ದವರಿಗೆ ಸಿಗ್ತಾವೇನ್ರಿ? ವಶೀಲಿ ನಡೀತೈತಿ ಅಂತಾರಲ್ಲ?" ಪಕ್ಕದಲ್ಲಿದ್ದವರು ಅವನನ್ನು ಗದರಿಸಿದರು. ಗದರಿಸಬೇಡಿ. ಕೇಳಬೇಕಾದ ಮಾತೇ ಅದು. ಅವತ್ತು ಕೊರಳಲ್ಲಿ ಹಾರ, ಮೈಮೇಲೆ ಶಾಲು, ಮಾತು ಹೊರಡಲಿಲ್ಲ. ಈಗ ಹೇಳುತ್ತೇನೆ. ಹೇಳಬೇಕಾದರೆ ಒಬ್ಬರಿಗೆ ಬೇರೆಯಾಗಿ ಥ್ಯಾಂಕ್ಸ್ ಹೇಳಲೇಬೇಕು.

ನನ್ನ ಸೇನಾ ಮೆಡಲಿನ ಕಥೆ ನಿಮಗೆ ಗೊತ್ತೇ ಇದೆ. ಪೇಪರಿನಲ್ಲೂ ಬಂದಿತ್ತು, ಮತ್ತೆ ಹೇಳಲ್ಲ. ಪದಕ ಕೊಡುವಾಗ ಓದುತ್ತಾರಲ್ಲ, ಆ ಸೈಟೇಷನ್ ನನ್ನದು ಒಂದೇ ಪ್ಯಾರಾ. ಸಿಯಾಚಿನ್‌ನಲ್ಲಿ ಹಿಮದಡಿ ಸಿಕ್ಕಿದ್ದ ಹುಡುಗನನ್ನು ನಾನು ನಮ್ಮ ಕಾವಲು ಪೋಸ್ಟಿಗೆ ಎಳೆದು ತಂದಲ್ಲಿಗೆ ಅದು ಮುಗಿಯುತ್ತದೆ. ಕೇಳಿದವರು ಚಪ್ಪಾಳೆ ತಟ್ಟುತ್ತಾರೆ. ನಮಗೆ ರಾತ್ರಿ ಶುರುವಾಗಿದ್ದೇ ಆಗ.

ಹವಾ ಕೆಟ್ಟಿತ್ತು. ಬೆಳಗಾಗುವ ತನಕ ಚೀತಾ ಹೆಲಿಕಾಪ್ಟರ್ ಬರುವ ಹಾಗಿರಲಿಲ್ಲ. ಉಳಿದವರು ಹೊರಗೆ ಇನ್ನೂ ಅಗೆಯುತ್ತಿದ್ದರು. ಒಳಗೆ ನಾನು, ಆ ಹುಡುಗ, ಮತ್ತೆ ಪೋಸ್ಟಿನ ಅಡುಗೆಯವರು. ತಿರುನೆಲ್ವೇಲಿ ಕಡೆಯವರು. ಮದ್ರಾಸ್ ರೆಜಿಮೆಂಟಿನಲ್ಲಿ ತಮಿಳರು, ಮಲಯಾಳಿಗಳು, ತೆಲುಗರು, ನಾವು ಎಲ್ಲ ಕಲೆತೇ ಇರುತ್ತೇವೆ. ನಾನು ಅವರಿಗೆ ಅಣ್ಣಾ ಅಂತಿದ್ದೆ, ಅವರು ನನಗೆ ತಂಬಿ. ಇಲ್ಲೂ ಅಣ್ಣ ಅಂತಲೇ ಬರೆಯುತ್ತೇನೆ. ಹೆಸರು ಹಾಕಿದರೆ ಫೋನ್ ಮಾಡಿ ಬೈತಾರೆ.

ಅಣ್ಣ ನನ್ನ ಬೂಟು, ಸಾಕ್ಸು ಬಿಚ್ಚಿದರು. ಎಡಗಾಲಿನ ಬೆರಳು ಮೇಣದ ಹಾಗೆ ಬೆಳ್ಳಗಾಗಿದ್ದವು. ಹಿಮ ಹೊಡೆದ ಕಾಲನ್ನು ಉಜ್ಜಬಾರದು, ಬೆಂಕಿಗೆ ಹಿಡಿಯಬಾರದು, ಮೈಯ ಬಿಸಿಯನ್ನೇ ಕೊಡಬೇಕು ಅಂತ ಮೇಲೆ ಹತ್ತುವ ಮೊದಲೇ ಎಲ್ಲರಿಗೂ ಕಲಿಸಿರುತ್ತಾರೆ. ಅಣ್ಣ ಕೋಟು ಬಿಚ್ಚಿ, ಒಳಂಗಿ ಎತ್ತಿ, ನನ್ನ ಎರಡೂ ಪಾದಗಳನ್ನು ತಮ್ಮ ಬರಿ ಹೊಟ್ಟೆಗೆ ಒತ್ತಿಕೊಂಡರು. ಅವರ ಮೈ ಒಂದು ಸಲ ಝುಂ ಅಂದಿದ್ದು ನನಗೆ ಗೊತ್ತಾಯಿತು. ಬಾಯಿಬಿಟ್ಟು ಏನೂ ಅನ್ನಲಿಲ್ಲ. ಆ ಹುಡುಗನನ್ನು ಸ್ಲೀಪಿಂಗ್ ಬ್ಯಾಗಿನಲ್ಲಿ ತುಂಬಿಸಿ ತಮ್ಮ ಪಕ್ಕಕ್ಕೇ ಎಳೆದುಕೊಂಡರು. ಆಗಾಗ ಎದ್ದು ಸೀಮೆಎಣ್ಣೆ ಸ್ಟೋವಿಗೆ ಪಂಪ್ ಹೊಡೆದು, ಹಿಮ ಕರಗಿಸಿ, ಹಾಲಿನ ಪುಡಿ ಸಕ್ಕರೆ ಕಲಸಿ ಚಮಚದಲ್ಲಿ ಕುಡಿಸುತ್ತಿದ್ದರು. ಮತ್ತೆ ಬಂದು ಕೂತು ನನ್ನ ಕಾಲನ್ನು ಹೊಟ್ಟೆಗೆ ಇಟ್ಟುಕೊಳ್ಳುವುದು.

ನಿದ್ದೆ ಮಾಡಬಾರದು ಅಂತ ಮಾತಾಡುತ್ತಲೇ ಇದ್ದರು. ಅವರ ಊರಿನ ಮದುವೆ ಮನೆಗಳಲ್ಲಿ ಸೊದಿ ಅಂತ ಮಾಡುತ್ತಾರೆ, ತೆಂಗಿನಹಾಲಿನ ಸಾರು. ಹಾಲನ್ನು ಮೂರು ಸಲ ಹಿಂಡಬೇಕು. ಮೂರನೇ ಹಾಲಿನಲ್ಲಿ ತರಕಾರಿ ಬೇಯಬೇಕು, ಮೊದಲನೇ ಹಾಲು ಕಡೆಗೆ ಬೀಳಬೇಕು. ಅರ್ಧ ತಮಿಳು, ಅರ್ಧ ಹಿಂದಿಯಲ್ಲಿ ಅದನ್ನೇ ಹೇಳುವುದು, ನಮ್ಮಿಂದ ತಿರುಗಿ ಹೇಳಿಸುವುದು. ಒಂದು ಹೊತ್ತಿನಲ್ಲಿ ನನಗೆ ಸಾಕಾಗಿ ಹೋಯಿತು. "ಬಿಡಣ್ಣಾ, ಮಲಗ್ತೀನಿ, ನಂಗೇನೂ ಬೇಡ" ಅಂತ ಅತ್ತೆ. ಸೈಟೇಷನ್ನಿನಲ್ಲಿ ಧೈರ್ಯ ಗೀರ್ಯ ಅಂತೆಲ್ಲ ಇರುವುದು ನನ್ನ ಬಗ್ಗೆಯೇ, ನೆನಪಿರಲಿ. ಅಣ್ಣ ಕೆನ್ನೆಗೆ ಎರಡು ಬಾರಿಸಿದರು. "ಎರಡನೇ ಹಾಲು ಯಾವಾಗ ಹಾಕ್ತಾರೆ, ಹೇಳು" ಅಂದರು.

ಆ ರಾತ್ರಿಯ ಬಗ್ಗೆ ಇಷ್ಟು ಸಾಕು. ಇದಕ್ಕಿಂತ ಜಾಸ್ತಿ ಬರೆಯಲು ಆಗುತ್ತಿಲ್ಲ.

ಎರಡು ಬೆರಳು ಹೋದವು, ಕಾಲು ಉಳಿಯಿತು. ಆ ಹುಡುಗನೂ ಉಳಿದ. ನಮ್ಮನ್ನು ಹೆಲಿಕಾಪ್ಟರಿಗೆ ಹತ್ತಿಸಿದ ಮೇಲೆ ಅಣ್ಣ ಉಳಿದವರಿಗೆ ಚಹಾ ಇಟ್ಟರಂತೆ.

ಈಗ ತಮ್ಮಾ, ನಿನ್ನ ಪ್ರಶ್ನೆಗೆ ಬರೋಣ. ಪದಕಕ್ಕೆ ಮೊದಲು ಯೂನಿಟ್ಟಿನ ಕಮಾಂಡಿಂಗ್ ಆಫೀಸರ್ ಶಿಫಾರಸು ಬರೆಯಬೇಕು. ಕಣ್ಣಾರೆ ಕಂಡವರು ಬೇಕು. ಆ ಕಾಗದ ಬ್ರಿಗೇಡ್, ಡಿವಿಜನ್, ಕೋರ್, ಕಮಾಂಡ್ ದಾಟಿ ದಿಲ್ಲಿಗೆ ಹೋಗಬೇಕು. ಆಮೇಲೆ ಜನವರಿ 26ಕ್ಕೋ ಆಗಸ್ಟ್ 15ಕ್ಕೋ ಪಟ್ಟಿ ಬರುತ್ತದೆ. ನಾನು ಮಾಡಿದ್ದನ್ನು ಹಗ್ಗ ಹಿಡಿದಿದ್ದವರೆಲ್ಲ ನೋಡಿದ್ದರು. ಅಣ್ಣ ಮಾಡಿದ್ದಕ್ಕೆ ಸಾಕ್ಷಿ ಅಂದರೆ ಅರ್ಧ ಪ್ರಜ್ಞೆ ಇಲ್ಲದ ನಾವಿಬ್ಬರು. ಆಸ್ಪತ್ರೆಯಿಂದಲೇ ಕಂಪನಿ ಕಮಾಂಡರಿಗೆ ಹೇಳಿದೆ. ಪಾಪ, ಅವರು ಬರೆದರು ಕೂಡ. ಕಾಗದ ಮೇಲೆ ಹೋಯಿತು, ಎಲ್ಲೋ ನಿಂತಿತು. ಅಣ್ಣನ ಹತ್ತಿರ ಇರುವುದು ಅಲ್ಲಿ ಡ್ಯೂಟಿ ಮಾಡಿದವರಿಗೆಲ್ಲ ಸಿಗುವ ಸಿಯಾಚಿನ್ ಗ್ಲೇಸಿಯರ್ ಮೆಡಲ್ ಮಾತ್ರ. ಇದು ನನಗೆ ಇವತ್ತಿಗೂ ಸಿಟ್ಟು ತರಿಸುತ್ತದೆ. ಅಣ್ಣನಿಗೆ ನಗು ಬರುತ್ತದೆ.

ನಮ್ಮ ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯನವರನ್ನೇ ನೋಡು. 1965ರ ಸೆಪ್ಟೆಂಬರ್ 7, ಪಾಕಿಸ್ತಾನದ ಸರ್ಗೋಧಾ ಮೇಲೆ ದಾಳಿ. ಇವರದು ಹಳೇ ಮಿಸ್ಟೇರ್ ವಿಮಾನ, ಎದುರು ಬಂದದ್ದು ಅದಕ್ಕಿಂತ ಎಷ್ಟೋ ವೇಗದ ಸ್ಟಾರ್‌ಫೈಟರ್. ಏಟು ತಿಂದ ಮೇಲೂ ತಿರುಗಿ ಬಿದ್ದು ಅದನ್ನು ಕೆಡವಿದರು, ತಾವು ವಾಪಸ್ ಬರಲಿಲ್ಲ. ನಮ್ಮ ಕಡೆಯವರು ಯಾರೂ ನೋಡಿರಲಿಲ್ಲ. ಕಾಣೆಯಾದವರ ಪಟ್ಟಿಯಲ್ಲಿ ಹೆಸರು ಸೇರಿತು, ಅಷ್ಟೇ. 1979ರಲ್ಲಿ ಬ್ರಿಟಿಷ್ ಲೇಖಕರೊಬ್ಬರು ಪಾಕಿಸ್ತಾನದ ವಾಯುಪಡೆಯ ಬಗ್ಗೆ ಬರೆದಾಗ ವಿಷಯ ಹೊರಗೆ ಬಂತು. ಅಂದಿನ ದಾಳಿಯ ನಾಯಕ ತನೇಜಾ ಅವರು ಪಟ್ಟು ಹಿಡಿದರು. ಮಹಾವೀರ ಚಕ್ರ ಬಂದದ್ದು 1988ರಲ್ಲಿ. 23 ವರ್ಷ! ಸಾಕ್ಷಿ ಸಿಕ್ಕಿದ್ದು ಶತ್ರುವಿನ ಕಡೆಯಿಂದ.

1962ರ ಚೀನಾ ಯುದ್ಧದಲ್ಲಿ ಲಡಾಖಿನ ರೆಜಾಂಗ್ ಲಾ ಇನ್ನೊಂದು. 13 ಕುಮಾವೂಂ ಬೆಟಾಲಿಯನ್ನಿನ ಒಂದು ಕಂಪನಿ ಹೆಚ್ಚುಕಡಿಮೆ ಪೂರ್ತಿ ಅಳಿಯಿತು. ಬದುಕಿ ಬಂದ ಕೆಲವರು ಹೇಳಿದ್ದನ್ನು ಮೊದಮೊದಲು ನಂಬಲಿಲ್ಲ. ಚಳಿಗಾಲ ಕಳೆದು ಹೆಣಗಳು ಸಿಕ್ಕಾಗ ಎಲ್ಲರೂ ತಮ್ಮ ತಮ್ಮ ಜಾಗದಲ್ಲೇ ಇದ್ದರು. ನರ್ಸಿಂಗ್ ಸಹಾಯಕನ ಕೈಯಲ್ಲಿ ಸಿರಿಂಜು, ಬ್ಯಾಂಡೇಜು ಹಾಗೇ ಇತ್ತು. ಅವನಿಗೆ ವೀರ ಚಕ್ರ ಕೊಟ್ಟರು. ಹಿಮ ಸಾಕ್ಷಿ ಹೇಳದಿದ್ದರೆ ಅದೂ ಇಲ್ಲ.

ಹಾಗಂತ ಎಲ್ಲ ವಶೀಲಿ ಅನ್ನಬೇಡ. ನನ್ನ ಕಣ್ಣೆದುರು ಪದಕ ಪಡೆದವರಲ್ಲಿ ಅದಕ್ಕೆ ತಕ್ಕವರಲ್ಲ ಅನ್ನಿಸಿದವರು ತೀರಾ ಕಮ್ಮಿ. ಕೆಟ್ಟದ್ದೂ ನಡೆದಿದೆ. ಕಾರ್ಗಿಲ್‌ನಲ್ಲಿ ಬಟಾಲಿಕ್ ಕಡೆಯ ಬ್ರಿಗೇಡಿಯರ್ ಒಬ್ಬರ ಯುದ್ಧ ವರದಿಯನ್ನು ತಿರುಚಲಾಗಿತ್ತು ಅಂತ ಸಶಸ್ತ್ರ ಪಡೆಗಳ ನ್ಯಾಯಮಂಡಳಿ 2010ರಲ್ಲಿ ಹೇಳಿತಲ್ಲ. ಆದರೆ ನಾನು ಜಾಸ್ತಿ ಕಂಡದ್ದು ಬೇರೆ: ಕೊಡಬೇಕಾದವರ ತನಕ ಪದಕ ಮುಟ್ಟದೇ ಹೋಗುವುದು. 2016ರಲ್ಲಿ ಬೆಟದೂರಿನ ಹನುಮಂತಪ್ಪ ಕೊಪ್ಪದ ಅವರು ಹಿಮದಡಿ ಆರು ದಿನ ಜೀವ ಹಿಡಿದದ್ದು ಇಡೀ ದೇಶಕ್ಕೆ ಗೊತ್ತು. ಅಷ್ಟು ಎತ್ತರದಲ್ಲಿ, ಉಸಿರು ಸಿಗದ ಜಾಗದಲ್ಲಿ, ಆ ಆರು ದಿನ ಅಗೆದವರಲ್ಲಿ ಒಬ್ಬರ ಹೆಸರು ಹೇಳು ನೋಡೋಣ.

ಶೌರ್ಯಕ್ಕೆ ಸೇನಾ ಮೆಡಲ್ ಪಡೆದವರಿಗೆ ತಿಂಗಳಿಗೆ ಸ್ವಲ್ಪ ಭತ್ಯೆ ಬರುತ್ತದೆ. ಅದರಲ್ಲಿ ಅಣ್ಣನಿಗೆ ಏನಾದರೂ ಕಳಿಸಿದರೆ ವಾಪಸ್ ಬರುತ್ತದೆ, ಜೊತೆಗೆ ಅವರ ತೋಟದ ಬಾಳೆಕಾಯಿಯ ಚಿಪ್ಸು. ಜಗಳ ಆಡಿ ಸಾಕಾಗಿದೆ. ಅಣ್ಣಾ, ನಿಮಗೆ ಕನ್ನಡ ಓದಲು ಬರಲ್ಲ ಅನ್ನುವ ಧೈರ್ಯದ ಮೇಲೆ ಇಷ್ಟೆಲ್ಲ ಬರೆದಿದ್ದೇನೆ. ಯಾರಾದರೂ ಓದಿ ಹೇಳಿದರೆ ಬೈಯಿರಿ, ಕೇಳಿಸಿಕೊಳ್ಳುತ್ತೇನೆ.

ಊರವರಿಗೆ ಒಂದು ಮಾತು: ಈ ಸಲ ಜಾತ್ರೆಗೆ ಅಣ್ಣ ಮನೆಯವರ ಜೊತೆ ಬರುತ್ತಿದ್ದಾರೆ. ಶಾಲು ಹೊದಿಸಲು ಹೋಗಬೇಡಿ, ಅವರಿಗೆ ಸೇರಲ್ಲ. ಎಣ್ಣೆಗಾಯಿ, ಬಿಸಿ ರೊಟ್ಟಿ ಮಾಡಿ ಹಾಕಿ. ಖಾರ ಮಾತ್ರ ಕಮ್ಮಿ ಮಾಡಬೇಡಿ, ನಮಗಿಂತ ಜಾಸ್ತಿ ತಿನ್ನುತ್ತಾರೆ.