ಮಲ್ಟಿ ಟೂಲ್ ವಿವರದಲ್ಲಿ ತಪ್ಪು ಮಾಹಿತಿ: ಹಣ ವಾಪಸ್ ಕೋರಿ ದೂರು

ಇವರಿಗೆ,
ಗ್ರಾಹಕರ ದೂರು ಅಧಿಕಾರಿಗಳು,
ಆನ್‌ಲೈನ್ ಮಾರಾಟ ವಿಭಾಗ

ವಿಷಯ: ಆಸಿಲೇಟಿಂಗ್ ಮಲ್ಟಿ ಟೂಲ್ ಬಗ್ಗೆ ತಪ್ಪು ವಿವರ ಕೊಟ್ಟು ಮಾರಿರುವ ಬಗ್ಗೆ

ಮಾನ್ಯರೇ,

ಶಿವಮೊಗ್ಗದಲ್ಲಿ ಹಳೇ ಮನೆಗಳ ವೈರಿಂಗ್ ಬದಲಾಯಿಸುವ ಕೆಲಸ ನನ್ನದು. ಮರದ ದಾರಂದ, ಪ್ಲೈವುಡ್ ವಾರ್ಡ್‌ರೋಬ್ ಇಂಥ ಕಡೆ ಗ್ರೈಂಡರ್ ಇಟ್ಟರೆ ಮರ ಸುಟ್ಟು ಕಪ್ಪಾಗುತ್ತದೆ. ಮೂಲೆಗಳಲ್ಲಿ ಜಿಗ್‌ಸಾ ಆಡಿಸಲು ಜಾಗ ಸಾಲದು. ಮಲ್ಟಿ ಟೂಲ್‌ನ ಬ್ಲೇಡ್ ಸುತ್ತುವುದಿಲ್ಲ, ಅತ್ತಿತ್ತ ಸುಮಾರು 3 ಡಿಗ್ರಿ ಅಲುಗುತ್ತದೆ ಅಷ್ಟೇ. ಹಾಗಾಗಿ ಸ್ವಿಚ್ ಬಾಕ್ಸ್ ಅಳತೆಗೆ ಸರಿಯಾಗಿ ಚೌಕ ಕತ್ತರಿಸಬಹುದು. ಅದಕ್ಕೇ ನಿಮ್ಮಲ್ಲಿ ತರಿಸಿದೆ.

'ಯಾವ ಕಂಪನಿಯ ಬ್ಲೇಡ್ ಆದರೂ ಕೂರುತ್ತದೆ' ಎಂದು ಬರೆದಿದ್ದೀರಿ. ಬಂದದ್ದು ಸ್ಟಾರ್‌ಲಾಕ್ ಎಂಬ ಬಗೆಯ ಬ್ಲೇಡ್ ಹಿಡಿತ ಇರುವ ಮೆಷಿನ್. ಅದರ ಬ್ಲೇಡ್‌ಗೆ ನಡುವೆ ಬಟ್ಟಲಿನಂತೆ ತಗ್ಗಿರಬೇಕು. ನನ್ನ ಹತ್ತಿರ ಇರುವ ಹಳೇ ಮಾದರಿಯ ಚಪ್ಪಟೆ ಬ್ಲೇಡುಗಳು ಕೂರುವುದೇ ಇಲ್ಲ. ಸ್ಟಾರ್‌ಲಾಕ್‌ನಲ್ಲೂ ಪ್ಲಸ್, ಮ್ಯಾಕ್ಸ್ ಅಂತ ಬೇರೆ ಇವೆ, ಅವುಗಳ ಬ್ಲೇಡೂ ಇದಕ್ಕೆ ಹಿಡಿಸುವುದಿಲ್ಲ. ಈ ಕೆಲಸದಲ್ಲಿ ಖರ್ಚು ಬರುವುದೇ ಬ್ಲೇಡಿಗೆ. ಇದನ್ನು ಮೊದಲೇ ಹೇಳಬೇಕಿತ್ತು, ಅಲ್ವಾ?

ಜೊತೆಗೆ ಬಂದ ಬ್ಲೇಡೂ ಬೇರೆ. ಮರ, ಮೊಳೆ ಎರಡಕ್ಕೂ ಆಗುವ ಬೈಮೆಟಲ್ (ಎರಡು ಲೋಹ ಬೆಸೆದ) ಬ್ಲೇಡ್ ಅಂತ ಚಿತ್ರದಲ್ಲಿತ್ತು. ಕೈಗೆ ಬಂದದ್ದರ ಮೇಲೆ ಎಚ್‌ಸಿಎಸ್ (ಹೈ ಕಾರ್ಬನ್ ಸ್ಟೀಲ್) ಎಂದು ಅಚ್ಚಾಗಿದೆ, ಅಂದರೆ ಬರೀ ಮರಕ್ಕೆ. ದಾರಂದದೊಳಗಿನ ತುಕ್ಕು ಹಿಡಿದ ಮೊಳೆ ತಾಗಿದ್ದೇ ತಡ, ಹಲ್ಲುಗಳೆಲ್ಲ ಸವೆದು ನುಣ್ಣಗಾದವು. ಆಮೇಲೆ ಕತ್ತರಿಸುವುದು ನಿಂತು ಬರೀ ಹೊಗೆ.

ಇವೆಲ್ಲ ದುಡ್ಡಿನ ಮಾತು. ನನಗೆ ನಿಜಕ್ಕೂ ಸಿಟ್ಟು ತಂದ ಸಾಲು ಇನ್ನೊಂದಿದೆ: 'ಡಬಲ್ ಇನ್ಸುಲೇಷನ್, ಎಲೆಕ್ಟ್ರಿಷಿಯನ್‌ಗಳಿಗೆ ಶಾಕ್ ಭಯವಿಲ್ಲ.' ಇದು ಜೀವಕ್ಕೆ ಕುತ್ತು ತರುವ ಮಾತು. ಡಬಲ್ ಇನ್ಸುಲೇಷನ್ ಇರುವುದು ಮೆಷಿನ್ ಒಳಗಿನ ಕರೆಂಟ್ ಅದನ್ನು ಹಿಡಿದವರ ಕೈಗೆ ಬಾರದಿರಲಿ ಎಂದು. ಗೋಡೆಯೊಳಗಿನ 230 ವೋಲ್ಟ್ ವೈರಿಗೆ ಬ್ಲೇಡ್ ತಾಗಿದರೆ ಕಥೆ ಬೇರೆ. ಆಗ ಬ್ಲೇಡ್ ಮತ್ತು ಅದನ್ನು ಹಿಡಿದಿರುವ ಲೋಹದ ತಲೆ ಎರಡಕ್ಕೂ ಕರೆಂಟ್ ಬರಬಹುದು. ಮುಂದೆ ಬೆರಳಿಟ್ಟು ಒತ್ತುವವನ ಗತಿ ಏನು? ಮೇನ್ ಆಫ್ ಮಾಡಿ, ಟೆಸ್ಟರ್ ಇಟ್ಟು ನೋಡಿ, ಆಮೇಲೆ ಕತ್ತರಿಸಿ ಎಂದು ಬರೆಯಬೇಕಾದ ಜಾಗ ಅದು. ಹೊಸದಾಗಿ ಕೆಲಸ ಕಲಿಯುವ ಹುಡುಗರು ನಿಮ್ಮ ಮಾತು ನಂಬುತ್ತಾರೆ.

ಆ ಸಾಲನ್ನು ಇವತ್ತೇ ತೆಗೆಯಿರಿ. ಬ್ಲೇಡ್ ಕೂರುವ ಹಿಡಿತ ಯಾವ ಬಗೆಯದು, ಬ್ಲೇಡ್ ಯಾವ ಲೋಹದ್ದು ಎಂದು ಸ್ಪಷ್ಟವಾಗಿ ಹಾಕಿರಿ. ಮೆಷಿನ್ ವಾಪಸ್ ಪಡೆದು, ಸಾಗಣೆ ಖರ್ಚೂ ಸೇರಿಸಿ ಪೂರ್ತಿ ಹಣ ಕೊಡಿ. 2020ರ ಇ-ಕಾಮರ್ಸ್ ನಿಯಮದಂತೆ ದೂರು ತಲುಪಿದ್ದಕ್ಕೆ 48 ಗಂಟೆಯೊಳಗೆ ಉತ್ತರ, ಒಂದು ತಿಂಗಳೊಳಗೆ ಪರಿಹಾರ ಸಿಗಬೇಕು. ಸಿಗದಿದ್ದರೆ 1915 ಗ್ರಾಹಕ ಸಹಾಯವಾಣಿಗೆ, ಆಮೇಲೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ಬಿಲ್, ಬ್ಲೇಡಿನ ಫೋಟೊ, ನಿಮ್ಮ ಪುಟದ ಸ್ಕ್ರೀನ್‌ಶಾಟ್ ಲಗತ್ತಿಸಿದ್ದೇನೆ.

ಇಂತಿ,
ನಿಮ್ಮ ಗ್ರಾಹಕ
ಶಿವಮೊಗ್ಗ